ಸಂಜೆ ಆರಕ್ಕೆ ಶುರುವಾಗುವ ಅಳು: ಎರಡು ತಿಂಗಳ ಕೂಸಿನ ಅಮ್ಮಂದಿರೇ, ಅಪ್ಪಂದಿರೇ, ನಿಮ್ಮ ಮನೆಯಲ್ಲಿ ಹೇಗಿತ್ತು?

ಧಾರವಾಡದ ಹುಡುಗಿ

ಎಲ್ಲರಿಗೂ ನಮಸ್ಕಾರ. ನಮ್ಮೂರು ಧಾರವಾಡ. ಈಗ ಇರುವುದು ಬೆಂಗಳೂರಿನಲ್ಲಿ, ಬಾಡಿಗೆ ಮನೆ. ಮಗಳಿಗೆ ಎರಡು ತಿಂಗಳು ತುಂಬಿತು. ಹೆರಿಗೆ ಇಲ್ಲೇ ಆಯಿತು, ಅವ್ವ ಬಂದು ಬಾಣಂತನ ಮಾಡಿದಳು. ಅವಳು ಅಂಗನವಾಡಿ ಟೀಚರ್. ರಜೆ ಮುಗಿಯಿತು, ಹೋದ ವಾರ ಊರಿಗೆ ಹೋದಳು.

ಹಗಲು ಹೇಗೋ ಕಳೆಯುತ್ತದೆ. ಸಂಜೆ ದೇವರಿಗೆ ದೀಪ ಹಚ್ಚುವ ಹೊತ್ತಿಗೆ ಅಳು ಶುರು. ಒಂಬತ್ತು, ಒಂಬತ್ತೂವರೆ ತನಕ ನಿಲ್ಲುವುದಿಲ್ಲ. ಹಾಲು ಕುಡಿಯುತ್ತಾಳೆ, ಬಿಡುತ್ತಾಳೆ, ಮತ್ತೆ ಬೇಕು ಅನ್ನುತ್ತಾಳೆ. ಕಾಲು ಹೊಟ್ಟೆಗೆ ಮಡಚಿಕೊಂಡು, ಮುಖ ಕೆಂಪಗೆ ಮಾಡಿಕೊಂಡು ಚೀರುತ್ತಾಳೆ. ಡಾಕ್ಟರಿಗೆ ತೋರಿಸಿದೆವು. ತೂಕ ಚೆನ್ನಾಗಿ ಏರಿದೆ, ಏನೂ ತೊಂದರೆ ಇಲ್ಲ ಅಂದರು. ಕೆಳಗಿನ ಮನೆ ಆಂಟಿ, ‘ನಿನ್ನ ಹಾಲು ಸಾಲುತ್ತಿಲ್ಲ, ಡಬ್ಬಿ ಹಾಲು ಶುರು ಮಾಡು’ ಅನ್ನುತ್ತಾರೆ. ಅತ್ತೆ ಫೋನಿನಲ್ಲಿ ದೃಷ್ಟಿ ತೆಗೆಯಲು ಹೇಳುತ್ತಾರೆ. ನಮ್ಮನೆಯವರು ಗೂಗಲ್ ನೋಡಿ ದಿನಕ್ಕೊಂದು ಕಾಯಿಲೆಯ ಹೆಸರು ಕಲಿಯುತ್ತಿದ್ದಾರೆ.

ನಿಮ್ಮ ಮನೆಯಲ್ಲೂ ಹೀಗಿತ್ತಾ? ಎಷ್ಟು ದಿನ? ನೀವು ಏನು ಮಾಡಿದಿರಿ?

ತುಮಕೂರು ಅಜ್ಜಿ

ಮಗಳೇ, ಸಂಜೆ ಅಳದ ಕೂಸು ಯಾವ ಮನೆಯಲ್ಲಿದೆ ಹೇಳು? ನನಗೆ ಮೂವರು ಮಕ್ಕಳು. ದೊಡ್ಡವನು ದನ ಮನೆಗೆ ಬರುವ ಹೊತ್ತಿಗೆ ಸರಿಯಾಗಿ ಬಾಯಿ ತೆಗೆಯುತ್ತಿದ್ದ. ನಮ್ಮತ್ತೆ ಹೆಗಲ ಮೇಲೆ ಹಾಕಿಕೊಂಡು ಅಂಗಳದಲ್ಲಿ ತಿರುಗಾಡುತ್ತಿದ್ದರು. ನಮ್ಮ ಮನೆಯಲ್ಲಿ ಆಗ ಒಂಬತ್ತು ಜನ ಇದ್ದೆವು, ಕೈ ಬದಲಾಯಿಸಲು ಯಾರಾದರೂ ಸಿಗುತ್ತಿದ್ದರು. ನಿಂಗೆ ಅದೊಂದು ಇಲ್ಲ, ಅಷ್ಟೇ ವ್ಯತ್ಯಾಸ.

ದೃಷ್ಟಿ ತೆಗಿ, ಏನು ನಷ್ಟ? ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಹೊರಗೆ ಹಾಕು. ಅತ್ತೆಗೂ ಸಮಾಧಾನ. ಮೆಣಸಿನಕಾಯಿ ಸುಡುವ ಘಾಟು ಮಾತ್ರ ಕೂಸಿನ ಹತ್ತಿರ ಬರಬಾರದು. ಮತ್ತೆ, ಬಜೆ, ಜಾಯಿಕಾಯಿ ತೇದು ಒಂದು ಸುತ್ತು ನೆಕ್ಕಿಸು. ಹೊಟ್ಟೆ ಹಗುರಾಗುತ್ತೆ.

ಮಕ್ಕಳ ವಾರ್ಡ್ ಸಿಸ್ಟರ್

ಧಾರವಾಡದ ತಂಗಿಗೆ: ನಾನು ಸರ್ಕಾರಿ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಸ್ಟಾಫ್ ನರ್ಸ್. ಈ ಅಳು ಸಾಮಾನ್ಯವಾಗಿ ಹುಟ್ಟಿದ ಎರಡನೇ ವಾರದಿಂದ ಜಾಸ್ತಿಯಾಗುತ್ತಾ ಬರುತ್ತದೆ. ಆರರಿಂದ ಎಂಟನೇ ವಾರದ ಹೊತ್ತಿಗೆ ತುತ್ತತುದಿ. ಮೂರು, ನಾಲ್ಕು ತಿಂಗಳಿಗೆ ಇಳಿಯುತ್ತದೆ. ನೀವು ಈಗ ಆ ತುದಿಯಲ್ಲಿ ಇದ್ದೀರಿ. ಯಾಕೆ ಹೀಗೆ ಅಂತ ವೈದ್ಯರಿಗೂ ಪೂರ್ತಿ ಗೊತ್ತಿಲ್ಲ.

ಹಾಲು ಸಾಲುತ್ತಿದೆಯಾ ಅಂತ ಅಳು ನೋಡಿ ಹೇಳಲು ಆಗುವುದಿಲ್ಲ. ಉಚ್ಚೆ ನೋಡಿ. 24 ಗಂಟೆಯಲ್ಲಿ ಆರು ಸಲವಾದರೂ ಲಂಗೋಟಿ ಚೆನ್ನಾಗಿ ಒದ್ದೆಯಾದರೆ, ತೂಕ ಏರುತ್ತಿದ್ದರೆ, ಹಾಲು ಸಾಲುತ್ತಿದೆ. ಮೊದಲ ಮೂರು ತಿಂಗಳು ದಿನಕ್ಕೆ ಸುಮಾರು 20ರಿಂದ 30 ಗ್ರಾಂ ಏರಬೇಕು. ನಿಮ್ಮ ಡಾಕ್ಟರು ತೂಕ ಚೆನ್ನಾಗಿದೆ ಅಂದರಲ್ಲ, ಕೆಳಗಿನ ಮನೆ ಆಂಟಿಗೆ ಅದನ್ನೇ ಹೇಳಿ. ಸಂಜೆ ಮೇಲಿಂದ ಮೇಲೆ ಎದೆ ಕೇಳುವುದು ಈ ವಯಸ್ಸಿನ ಮಕ್ಕಳ ಅಭ್ಯಾಸ. ಕೊಟ್ಟಷ್ಟೂ ಹಾಲು ಬರುತ್ತದೆ.

ಅಜ್ಜಿ ಬೈಯಬೇಡಿ, ಬಜೆ ಬೇಡ. ಆರು ತಿಂಗಳ ತನಕ ಎದೆಹಾಲು ಬಿಟ್ಟರೆ ನೀರೂ ಬೇಡ. ಡಾಕ್ಟರು ಬರೆದುಕೊಟ್ಟ ಔಷಧಿ, ವಿಟಮಿನ್ ಡಿ ಹನಿ ಸರಿ. ಅದು ದಿನಕ್ಕೆ 400 ಯೂನಿಟ್. ಗ್ರೈಪ್ ವಾಟರ್‌ನಿಂದ ಅಳು ನಿಲ್ಲುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ. ಜೇನುತುಪ್ಪ ಒಂದು ವರ್ಷದ ತನಕ ನಾಲಗೆಗೆ ಸವರಲೂಬಾರದು. ಅದರಲ್ಲಿ ಇರಬಹುದಾದ ಬ್ಯಾಕ್ಟೀರಿಯಾದ ಬೀಜಕಣ ಎಳೆಮಕ್ಕಳ ಕರುಳಿನಲ್ಲಿ ವಿಷ ಮಾಡುತ್ತದೆ. ಅದಕ್ಕೆ ಬಾಟುಲಿಸಂ ಅನ್ನುತ್ತಾರೆ.

ತುಮಕೂರು ಅಜ್ಜಿ

ನಾವೆಲ್ಲ ಬಜೆ ನೆಕ್ಕಿಯೇ ಬೆಳೆದಿದ್ದು ಸಿಸ್ಟರಮ್ಮ. ನೀವೂ ನೆಕ್ಕಿರುತ್ತೀರಿ, ನಿಮ್ಮ ತಾಯೀನ ಕೇಳಿ.

ಮಕ್ಕಳ ವಾರ್ಡ್ ಸಿಸ್ಟರ್

ನೆಕ್ಕಿದ್ದೇನೆ, ಸುಳ್ಳು ಹೇಳುವುದಿಲ್ಲ. ಆದರೆ ತೇಯುವ ಕಲ್ಲು, ನೀರು, ಬೆರಳು ಎಲ್ಲ ಶುದ್ಧ ಇರುತ್ತದೆಯಾ? ಭೇದಿಯಾಗಿ ವಾರ್ಡಿಗೆ ಬರುವ ಮಕ್ಕಳ ಮನೆಯವರನ್ನು ಕೇಳಿದರೆ ಏನೋ ಒಂದು ನೆಕ್ಕಿಸಿರುತ್ತಾರೆ. ಎಷ್ಟು ತೇದರು ಅನ್ನುವುದಕ್ಕೂ ಅಳತೆ ಇಲ್ಲ.

ಹಾಸನದ ಅಪ್ಪ

ಒಬ್ಬ ಗಂಡಸು ಮಾತಾಡಬಹುದಾ ಇಲ್ಲಿ?

ನಮ್ಮ ಮಗನಿಗೆ ಈಗ ಏಳು ತಿಂಗಳು. ಆ ಸಂಜೆಗಳು ಚೆನ್ನಾಗಿ ನೆನಪಿವೆ. ನಮಗೆ ಕೆಲಸಕ್ಕೆ ಬಂದಿದ್ದು ಇವು. ನನ್ನ ಮುಂಗೈ ಮೇಲೆ ಅವನನ್ನು ಬೋರಲು ಮಲಗಿಸಿಕೊಳ್ಳುತ್ತಿದ್ದೆ. ತಲೆ ಮೊಣಕೈ ಹತ್ತಿರ, ಕಾಲು ಎರಡೂ ಕಡೆ ಇಳಿಬಿಟ್ಟು. ಹಾಗೇ ಮನೆಯೆಲ್ಲ ಸುತ್ತುವುದು. ಎರಡನೆಯದು ಸ್ನಾನದ ಮನೆಯ ಎಕ್ಸಾಸ್ಟ್ ಫ್ಯಾನ್. ಆ ‘ಗುಂಯ್’ ಶಬ್ದಕ್ಕೆ ಸುಮ್ಮನಾಗುತ್ತಿದ್ದ. ಹೊಟ್ಟೆಯೊಳಗೆ ಇದ್ದಾಗ ಇಂಥದ್ದೇ ಸದ್ದು ಕೇಳುತ್ತಿತ್ತಂತೆ. ನಮ್ಮಮ್ಮ ಜೋಗುಳ ಹಾಡಿದರೆ ಕೇಳದವನು ಫ್ಯಾನಿಗೆ ಮಲಗಿದ. ಅಮ್ಮನಿಗೆ ಇವತ್ತಿಗೂ ಬೇಜಾರು.

ಇನ್ನೊಂದು ವಿಷಯ ನಿಮ್ಮ ಯಜಮಾನರಿಗೆ. ಸರ್, ಗೂಗಲ್ ಮುಚ್ಚಿಡಿ. ಹಾಲು ಕೊಡುವುದು ಒಂದು ನಮ್ಮ ಕೈಲಿ ಆಗಲ್ಲ. ತೇಗಿಸುವುದು, ಲಂಗೋಟಿ ಬದಲಾಯಿಸುವುದು, ಎಣ್ಣೆ ಹಚ್ಚಿ ನೀರು ಹಾಕುವುದು, ಲಸಿಕೆಗೆ ಕರೆದುಕೊಂಡು ಹೋಗುವುದು ಎಲ್ಲ ಆಗುತ್ತೆ. ನಾವು ರಾತ್ರಿ ಪಾಳಿ ಮಾಡಿಕೊಂಡಿದ್ದೆವು. ಒಂಬತ್ತಕ್ಕೆ ಹಾಲು ಕುಡಿಸಿ ಅವಳು ಬೇರೆ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗುತ್ತಿದ್ದಳು. ಮುಂದಿನ ಹಾಲಿನ ತನಕ ಮಗು ನನ್ನ ಜವಾಬ್ದಾರಿ. ಎರಡೂವರೆ, ಮೂರು ಗಂಟೆ ಒಟ್ಟಿಗೆ ನಿದ್ದೆ ಮಾಡಿದರೆ ಮನುಷ್ಯರು ಮನುಷ್ಯರಾಗುತ್ತಾರೆ.

ಅವಳಿ ಅಮ್ಮ, ಮಂಗಳೂರು

ಹಾಸನದ ಅಣ್ಣನಿಗೆ ಒಂದು ಲೋಟ ಕಷಾಯ ಕೊಡಿ ಯಾರಾದರೂ.

ನನಗೆ ಎರಡು. ಒಂದು ಅತ್ತರೆ ಇನ್ನೊಂದು ಕೇಳಿಸಿಕೊಂಡು ಅಳುತ್ತದೆ. ಒಂದು ನಿಲ್ಲಿಸಿದ ಮೇಲೆ ಇನ್ನೊಂದು ಒಂಟಿಯಾಗಿ ಮುಂದುವರಿಸುತ್ತದೆ. ಹುಟ್ಟಿದಾಗ ತೂಕ ಕಡಿಮೆ ಇತ್ತು, ಎದೆ ಹಿಡಿಯಲು ಬರುತ್ತಿರಲಿಲ್ಲ. ಹಾಲು ಹಿಂಡಿ ಒಳಲೆಯಲ್ಲಿ, ಅಂದರೆ ಮೂತಿ ಇರುವ ಪುಟ್ಟ ಬಟ್ಟಲಲ್ಲಿ, ಕೊಟ್ಟೆವು. ಆಸ್ಪತ್ರೆಯಲ್ಲಿ ಹೇಳಿಕೊಟ್ಟಿದ್ದೇ ಅದನ್ನು. ಬಾಟಲಿಗಿಂತ ತೊಳೆಯುವುದು ಸುಲಭ. ಮೂಲೆಮುಡುಕು ಇಲ್ಲ. ಒಳಲೆ ಅಂದರೆ ಹಳೆಯ ಕಾಲದ್ದು ಅಂತ ಮೂಗು ಮುರಿಯುವವರು ಇದನ್ನು ನೋಡಬೇಕು.

ಸುಖವೂ ಎರಡು ಪಾಲು ಅನ್ನುತ್ತಾರೆ. ಮೊದಲೆರಡು ತಿಂಗಳು ನನಗೆ ಹಾಗೇನೂ ಅನ್ನಿಸಲಿಲ್ಲ. ಸುಮ್ಮನೆ ಹೇಳುವುದು ಯಾಕೆ? ಆಮೇಲೆ ಒಂದು ದಿನ ಇಬ್ಬರೂ ಮಲಗಿದ್ದಲ್ಲೇ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ನನ್ನನ್ನು ನೋಡಿ ಅಲ್ಲ, ಅವರವರೇ. ನಾನು ಬಕೆಟ್ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ.

ಧಾರವಾಡದ ಹುಡುಗಿ

ಎಲ್ಲರ ಉತ್ತರ ಓದಿದೆ. ಈಗ ರಾತ್ರಿ ಎರಡೂ ಮುಕ್ಕಾಲು. ಒಂದು ಕೈಯಲ್ಲಿ ಟೈಪ್ ಮಾಡುತ್ತಿದ್ದೇನೆ, ತಪ್ಪಿದ್ದರೆ ಕ್ಷಮಿಸಿ.

ನಗು ಅಂದಿರಲ್ಲ, ಇವಳೂ ಹೋದ ವಾರದಿಂದ ಮುಖ ನೋಡಿ ನಗುತ್ತಿದ್ದಾಳೆ. ಮೊದಲು ನಿದ್ದೆಯಲ್ಲಿ ಮಾತ್ರ ನಗುತ್ತಿದ್ದಳು. ಅವ್ವ ಅದಕ್ಕೆ ‘ಸೆಟವಿ ನಗಸ್ತಾಳ’ ಅನ್ನುತ್ತಿದ್ದಳು. ಸೆಟವಿ ಅಂದರೆ ನಮ್ಮ ಕಡೆ ಕೂಸಿನ ಹಣೆಬರಹ ಬರೆಯುವ ದೇವತೆ. ಈಗಿನದು ಸೆಟವಿಯ ಲೆಕ್ಕಕ್ಕೆ ಅಲ್ಲ, ನಮ್ಮ ಲೆಕ್ಕಕ್ಕೆ. ಆದರೆ ಎಲ್ಲರಿಗಿಂತ ಜಾಸ್ತಿ ನಗು ಸಿಗುವುದು ಸೀಲಿಂಗ್ ಫ್ಯಾನಿಗೆ. ಫ್ಯಾನ್ ಜೊತೆ ‘ಊಂ, ಆಂ’ ಅಂತ ಅರ್ಧ ಗಂಟೆ ಮಾತಾಡುತ್ತಾಳೆ.

ಬಿಕ್ಕಳಿಕೆ ಬಂದಾಗ ಅವ್ವ ನೂಲಿನ ಎಳೆ ಒದ್ದೆ ಮಾಡಿ ಹಣೆಗೆ ಅಂಟಿಸುತ್ತಿದ್ದಳು. ಈಗ ನಾನೂ ಅದನ್ನೇ ಮಾಡುತ್ತೇನೆ. ಬಿಕ್ಕಳಿಕೆ ತಾನಾಗೇ ನಿಲ್ಲುತ್ತದೆ ಅಂತ ಗೊತ್ತು. ಆದರೂ ಹಣೆ ಮೇಲೆ ಆ ಎಳೆ ಇಟ್ಟುಕೊಂಡು ಗಂಭೀರವಾಗಿ ನೋಡುತ್ತಾಳಲ್ಲ, ಅದಕ್ಕೋಸ್ಕರ.

ಸ್ನಾನದ ಬಗ್ಗೆ ಕೇಳಬೇಕು. ಅವ್ವ ಕಾಲು ಚಾಚಿ ಕೂತು, ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕಿ ನೀರು ಹಾಕುತ್ತಿದ್ದಳು. ಆಮೇಲೆ ಲೋಬಾನದ ಹೊಗೆ. ನನಗೆ ಸೊಂಟ ಹಿಡಿದು ಹಾಗೆ ಕೂರಲು ಆಗುತ್ತಿಲ್ಲ. ನೀವೆಲ್ಲ ಹೇಗೆ ಮಾಡುತ್ತೀರಿ?

ಶಿರಸಿ ಕಡೆಯವಳು

ಪ್ಲಾಸ್ಟಿಕ್ ಟಬ್ಬಿಗೆ ಸ್ವಲ್ಪ ನೀರು ಹಾಕಿ, ತಳಕ್ಕೆ ಟವೆಲ್ ಹಾಸಿ. ಜಾರುವುದಿಲ್ಲ. ನೀರಿನ ಬಿಸಿಯನ್ನು ಮೊಣಕೈ ಅದ್ದಿ ನೋಡಿ. ನಮ್ಮ ಕೈ ಪಾತ್ರೆ ತಿಕ್ಕಿ ಗಟ್ಟಿಯಾಗಿರುತ್ತೆ, ಅದನ್ನು ನಂಬಬೇಡಿ. ಎಣ್ಣೆ ತೆಂಗಿನದ್ದು ಸಾಕು, ಮೆತ್ತಗೆ ಹಚ್ಚಿ. ಮೂಗಿಗೆ, ಕಿವಿಗೆ ಎಣ್ಣೆ ಬಿಡುವ ಪದ್ಧತಿ ನಮ್ಮಲ್ಲೂ ಇತ್ತು, ನಾನು ಬಿಟ್ಟೆ. ಮೂಗಿನ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಕಷ್ಟ. ಹೊಗೆಯನ್ನೂ ಬಿಟ್ಟೆ. ಎಳೆ ಮಗುವಿನ ಉಸಿರಿಗೆ ಅದು ಒಳ್ಳೆಯದಲ್ಲ. ಅಮ್ಮನಿಗೆ ತೀರಾ ಬೇಕೇ ಬೇಕು ಅನ್ನಿಸಿದಾಗ ಖಾಲಿ ಕೋಣೆಯಲ್ಲಿ ಹಾಕಿ, ಹೊಗೆ ಹೋದ ಮೇಲೆ ಮಗು ಒಳಗೆ ಬರುತ್ತಿತ್ತು. ಎರಡೂ ಕಡೆಯವರಿಗೆ ಗೆಲುವು.

ಕಾಡಿಗೆ ಕಣ್ಣಿಗೆ ಬೇಡ. ಅಂಗಡಿಯ ಕೆಲವು ಕಾಡಿಗೆಯಲ್ಲಿ ಸೀಸ ಇರುತ್ತದೆ. ಅಂಗಾಲಿಗೆ ದೃಷ್ಟಿ ಬೊಟ್ಟು ಇಟ್ಟರೆ ಯಾರೂ ಬೇಡ ಅನ್ನುವುದಿಲ್ಲ.

ಮತ್ತೆ ಆಫೀಸಿಗೆ

ಬೇರೆ ವಿಷಯ ತರುತ್ತಿದ್ದೇನೆ, ಆದರೆ ಇದಕ್ಕೂ ಸಂಬಂಧ ಇದೆ. ಧಾರವಾಡದ ಅವರೇ, ನಿಮ್ಮ ರಜೆ ಎಷ್ಟಿದೆ? ಹೆರಿಗೆ ರಜೆಯ ಕಾನೂನಿಗೆ 2017ರಲ್ಲಿ ತಿದ್ದುಪಡಿ ಆದ ಮೇಲೆ ಮೊದಲ ಎರಡು ಮಕ್ಕಳಿಗೆ ಸಂಬಳದ ಜೊತೆ 26 ವಾರ ರಜೆ. ಅದಕ್ಕೆ ಮೊದಲು ಬರೀ 12 ವಾರ ಇತ್ತು. 50 ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿ ಬರಬಹುದು ಅಂತ ಕಾನೂನಿನಲ್ಲೇ ಇದೆ. ಕಾಗದದ ಮೇಲೆ ಇರುವುದು ಎಷ್ಟು ಕಡೆ ನಿಜವಾಗಿ ಇದೆ ಅನ್ನುವುದು ಬೇರೆ ಮಾತು. ನಮ್ಮ ಆಫೀಸಿನಲ್ಲಿ ಹಾಲು ಹಿಂಡಲು ಕೊಟ್ಟ ಜಾಗ ಹಳೆ ಪ್ರಿಂಟರ್ ಇಡುವ ಕೋಣೆ. ಒಳಗಿಂದ ಚಿಲಕ ಇರಲಿಲ್ಲ. ಕೇಳಿ ಕೇಳಿ ಹಾಕಿಸಿಕೊಂಡೆ.

ಹಿಂಡಿದ ಹಾಲು ಹೊರಗೆ, ತೀರಾ ಸೆಕೆ ಇಲ್ಲದಿದ್ದರೆ, ನಾಲ್ಕು ಗಂಟೆ ಇರುತ್ತೆ. ಫ್ರಿಜ್ಜಿನಲ್ಲಿ ನಾಲ್ಕು ದಿನ. ಬಾಗಿಲಿನ ಕಡೆ ಇಡಬೇಡಿ, ಒಳಗೆ ಹಿಂದುಗಡೆ ಇಡಿ. ಬೆಚ್ಚಗೆ ಮಾಡಲು ಒಲೆ ಮೇಲೆ ಕಾಸಬೇಡಿ, ಬಿಸಿನೀರಿನ ಬಟ್ಟಲಲ್ಲಿ ಇಡಿ. ರಜೆ ಮುಗಿಯುವ ಎರಡು ವಾರ ಮೊದಲೇ ಅಭ್ಯಾಸ ಶುರು ಮಾಡಿದರೆ ಒಳ್ಳೆಯದು. ಮಗುವಿಗಿಂತ ನಮಗೆ ಅಭ್ಯಾಸ ಬೇಕು.

ಮೆಲ್ಬರ್ನ್ ಕನ್ನಡತಿ

ಇಲ್ಲಿ ನಮಗೆ ಯಾರೂ ಇಲ್ಲ, ಅಮ್ಮನಿಗೆ ವೀಸಾ ಸಿಗುವುದು ತಡವಾಯಿತು. ಆದರೆ ಒಂದು ಒಳ್ಳೆಯದಿದೆ. ಹೆರಿಗೆಯಾಗಿ ಮನೆಗೆ ಬಂದ ಮೇಲೆ ಸ್ಥಳೀಯ ಆಡಳಿತದ ಕಡೆಯಿಂದ ತಾಯಿ ಮಗುವಿನ ನರ್ಸ್ ಮನೆಗೇ ಬರುತ್ತಾರೆ, ದುಡ್ಡಿಲ್ಲ. ರಾತ್ರಿ ಮೂರಕ್ಕೆ ಅನುಮಾನ ಬಂದರೂ ಫೋನ್ ಮಾಡಿ ಕೇಳಬಹುದು. ನಮ್ಮ ಕಡೆ ಹೀಗೆ ಯಾಕಿಲ್ಲ ಅಂತ ಅನ್ನಿಸಿತು.

ಮಕ್ಕಳ ವಾರ್ಡ್ ಸಿಸ್ಟರ್

ಇದೆ ಮೇಡಂ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆಶಾ ಕಾರ್ಯಕರ್ತೆ 3, 7, 14, 21, 28, 42ನೇ ದಿನ ಮನೆಗೆ ಬಂದು ನೋಡಬೇಕು. ತೂಕ, ಜ್ವರ, ಹಾಲು ಕುಡಿಯುವುದು, ಹೊಕ್ಕುಳು ಎಲ್ಲ. ಹಳ್ಳಿಗಳಲ್ಲಿ ಇದು ಚೆನ್ನಾಗಿ ನಡೆಯುವ ಕಡೆ ನಡೆಯುತ್ತದೆ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಇರುವವರಿಗೆ ತಮ್ಮ ಏರಿಯಾದ ಆಶಾ ಯಾರು ಅಂತಲೇ ಗೊತ್ತಿರುವುದಿಲ್ಲ. ಹಳ್ಳಿಯ ಬಾಣಂತಿ ಈ ಒಂದು ವಿಷಯದಲ್ಲಿ ಮುಂದೆ.

ತಾಯಿ ಕಾರ್ಡ್ ನೋಡಿಕೊಳ್ಳಿ. ಲಸಿಕೆ ಆರು, ಹತ್ತು, ಹದಿನಾಲ್ಕನೇ ವಾರ. ನಿಮ್ಮದು ಹತ್ತನೇ ವಾರದ್ದು ಬಂತು. ಪೆಂಟಾ (ಐದು ರೋಗಕ್ಕೆ ಒಂದೇ ಲಸಿಕೆ) ಸೂಜಿ ಹಾಕಿದ ದಿನ ಜ್ವರ ಬರಬಹುದು, ತೊಡೆ ಊದಬಹುದು. ತೂಕ ನೋಡಿ ಡಾಕ್ಟರು ಹೇಳಿದಷ್ಟು ಪ್ಯಾರಸಿಟಮಾಲ್ ಹನಿ ಕೊಡಿ. ಸೂಜಿ ಹಾಕಿದ ಜಾಗ ಉಜ್ಜಬೇಡಿ. ಆ ಸಂಜೆ ಅಳು ದುಪ್ಪಟ್ಟು ಇರುತ್ತದೆ, ಮೊದಲೇ ಹೇಳಿರುತ್ತೇನೆ.

ಈಗ ಮುಖ್ಯವಾದದ್ದು. ಮೂರು ತಿಂಗಳೊಳಗಿನ ಮಗುವಿಗೆ 100.4 ಡಿಗ್ರಿ ಅಥವಾ ಜಾಸ್ತಿ ಜ್ವರ ಇದ್ದರೆ ಬೆಳಗಿನ ತನಕ ಕಾಯಬೇಡಿ, ಲಸಿಕೆ ಹಾಕಿಸಿದ ದಿನವಾದರೂ ಡಾಕ್ಟರಿಗೆ ಫೋನ್ ಮಾಡಿ. ಹಾಲು ಪೂರ್ತಿ ಬಿಟ್ಟರೆ, ಹಸಿರು ವಾಂತಿಯಾದರೆ, ಮಲದಲ್ಲಿ ರಕ್ತ ಕಂಡರೆ, ನೆತ್ತಿ ಉಬ್ಬಿದರೆ, ಎಬ್ಬಿಸಿದರೂ ಏಳದೆ ಜೋತುಬಿದ್ದರೆ, ಅಳುವ ಧ್ವನಿಯೇ ಬೇರೆ ಥರ ಕೀರಲಾದರೆ ಸೀದಾ ಆಸ್ಪತ್ರೆಗೆ. ಅದು ಸಂಜೆ ಅಳು ಅಲ್ಲ.

ಅವಳಿ ಅಮ್ಮ, ಮಂಗಳೂರು

ಇದನ್ನು ಯಾರೂ ಬರೆದಿಲ್ಲ, ನಾನು ಬರೆಯುತ್ತೇನೆ. ಅಳು ಕೇಳಿ ಕೇಳಿ ಒಂದು ಹೊತ್ತಿನಲ್ಲಿ ಸಿಟ್ಟು ಬರುತ್ತದೆ. ಬಂದೇ ಬರುತ್ತದೆ. ಆಗ ಮಗುವನ್ನು ಹಾಸಿಗೆ ಮೇಲೆ ಅಂಗಾತ ಮಲಗಿಸಿ, ಬಾಗಿಲು ಹಾಕಿ, ಐದು ನಿಮಿಷ ಬಾಲ್ಕನಿಗೆ ಹೋಗಿ. ಅತ್ತರೆ ಅಳಲಿ. ಮಗುವನ್ನು ಅಲುಗಾಡಿಸಬೇಡಿ, ಜೋರಾಗಿ ಕುಲುಕಬೇಡಿ. ಮೆದುಳಿಗೆ ಪೆಟ್ಟಾಗುತ್ತದೆ.

ಮತ್ತೆ ತಂಗಿ, ನಿಮಗೆ ಸುಮ್ಮಸುಮ್ಮನೆ ಅಳು ಬರುತ್ತಾ? ಹೆರಿಗೆಯಾದ ಮೊದಲ ಎರಡು ವಾರ ಬಂದರೆ ಅದು ಎಲ್ಲರಿಗೂ. ಆಮೇಲೂ ಹಾಗೇ ಇದ್ದರೆ, ಮಗು ಮಲಗಿದಾಗಲೂ ನಿದ್ದೆ ಬರದಿದ್ದರೆ, ಯಾವುದೂ ಬೇಡ ಅನ್ನಿಸಿದರೆ ಡಾಕ್ಟರಿಗೆ ಹೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಜೊತೆಗೇ ಇದ್ದು ಚಿಕಿತ್ಸೆ ಪಡೆಯುವ ವಾರ್ಡ್ ಇದೆ. ‘ಹಸಿ ಬಾಣಂತಿ ಹಾಗೆಲ್ಲ ಅಳಬಾರದು’ ಅನ್ನುವವರ ಮಾತು ಕೇಳಿ ಕೂರಬೇಡಿ.

ಧಾರವಾಡದ ಹುಡುಗಿ

ಇಲ್ಲ ಅಕ್ಕ, ಆ ಥರ ಇಲ್ಲ. ನಿದ್ದೆ ಸಿಕ್ಕರೆ ಬಿದ್ದ ಕಡೆ ಮಲಗುತ್ತೇನೆ. ಅವ್ವ ಹೋದ ದಿನ ಮಾತ್ರ ಜೋರಾಗಿ ಅತ್ತೆ. ಅಂಟಿನುಂಡೆ ಡಬ್ಬ ತುಂಬಿಟ್ಟು ಹೋಗಿದ್ದಳು, ಅದನ್ನು ನೋಡಿ. ಕೇಳಿದ್ದಕ್ಕೆ ಥ್ಯಾಂಕ್ಸ್. ಯಾರೂ ಕೇಳಿರಲಿಲ್ಲ.

ಸಂಜೆ ಐದೂವರೆಗೇ ಅಡುಗೆ ಮುಗಿಸಿಕೊಳ್ಳುತ್ತಿದ್ದೇನೆ. ನಮ್ಮನೆಯವರು ಮುಂಗೈ ಮೇಲೆ ಬೋರಲು ಹಾಕಿಕೊಂಡು ತಿರುಗುತ್ತಿದ್ದಾರೆ. ಅಳು ನಿಂತಿಲ್ಲ. ಆದರೆ ಕಾಯಿಲೆಯ ಹೆಸರುಗಳು ನಿಂತಿವೆ.

ಮುಂದಿನ ಪ್ರಶ್ನೆ. ಊರಿಂದ ಹಳೆ ಮರದ ತೊಟ್ಟಿಲು ಕಳಿಸುತ್ತೇನೆ ಅನ್ನುತ್ತಿದ್ದಾರೆ. ನಾನೂ ಅದರಲ್ಲೇ ಮಲಗಿದ್ದಂತೆ. ಆದರೆ ತೂಗುಹಾಕಲು ಇಲ್ಲಿ ಸೂರಿಗೆ ಕೊಂಡಿ ಇಲ್ಲ. ಓನರ್ ಗೋಡೆಗೆ ಮೊಳೆ ಹೊಡೆಯಲೂ ಬಿಡುವುದಿಲ್ಲ. ಸೀರೆ ಜೋಲಿಗೂ ಅದೇ ಕಥೆ.

ತುಮಕೂರು ಅಜ್ಜಿ

ಈಗಿನ ಮನೆ ಕಟ್ಟುವವರಿಗೆ ಕಾರಿಗೆ ಜಾಗ ನೆನಪಿರುತ್ತೆ, ಕೂಸಿಗೆ ಒಂದು ಕೊಂಡಿ ನೆನಪಿರಲ್ಲ. ನಮ್ಮ ಪಡಸಾಲೆ ತೊಲೆಗೆ ಎರಡು ಕಬ್ಬಿಣದ ಕೊಂಡಿ ಇವೆ. ಮೂರು ತಲೆಮಾರು ತೂಗಿದೆ.

ಜೋಲಿ ಇಲ್ಲದಿದ್ದರೆ ಕಾಲ ಮೇಲೆ ದಿಂಬು ಹಾಕಿ ತೂಗು. ತಲೆ ದುಂಡಗಾಗಲು ಸಾಸಿವೆ ದಿಂಬು ಮರೀಬೇಡ. ಮೂರು ತಿಂಗಳಿಗೆ ರಾಗಿ ಸರಿ ಶುರು ಮಾಡು, ಹೊಟ್ಟೆ ತುಂಬಿ ಮಲಗುತ್ತೆ.

ಶಿರಸಿ ಕಡೆಯವಳು

ಬಂತು ರಾಗಿ ಸರಿ! ಸಿಸ್ಟರ್ ಎಲ್ಲಿದ್ದೀರಿ?

ಮಕ್ಕಳ ವಾರ್ಡ್ ಸಿಸ್ಟರ್

ಇಲ್ಲೇ ಇದ್ದೇನೆ, ಡ್ಯೂಟಿ ಮುಗಿಸಿ ಚಹಾ ಕುಡಿಯುತ್ತಿದ್ದೆ. ಅಜ್ಜಿ, ಸರಿಗೆ ನನ್ನದೇನೂ ತಕರಾರಿಲ್ಲ. ರಾಗಿಯಲ್ಲಿ ಸುಣ್ಣದ ಅಂಶ ಚೆನ್ನಾಗಿದೆ. ಆದರೆ ಆರು ತಿಂಗಳು ತುಂಬಲಿ. ಮೂರು ತಿಂಗಳಿಗೆ ಕರುಳು ತಯಾರಿರುವುದಿಲ್ಲ, ಕತ್ತು ಕೂಡ ಪೂರ್ತಿ ನಿಂತಿರುವುದಿಲ್ಲ. ಸಾಸಿವೆ ದಿಂಬು ಬೇಡ. ಒಂದು ವರ್ಷದ ತನಕ ಯಾವ ದಿಂಬೂ ಬೇಡ. ಎಚ್ಚರ ಇದ್ದಾಗ ದಿನಕ್ಕೆ ಕೆಲವು ಸಲ ಎದುರಿಗೇ ಕೂತು ಸ್ವಲ್ಪ ಹೊತ್ತು ಬೋರಲು ಹಾಕಿ. ತಲೆ ತಾನಾಗಿ ದುಂಡಗಾಗುತ್ತದೆ, ಕತ್ತೂ ಗಟ್ಟಿಯಾಗುತ್ತದೆ.

ಜೋಲಿಯಲ್ಲಿ ಎಳೆ ಮಗುವಿನ ಗದ್ದ ಎದೆಗೆ ಒತ್ತಿಕೊಂಡು ಉಸಿರು ಕಟ್ಟಬಹುದು. ಮಲಗಿಸಲು ಸಮತಟ್ಟಾದ, ಗಟ್ಟಿ ಹಾಸಿಗೆಯೇ ಸರಿ. ಅಂಗಾತವಾಗಿ. ಹಾಗಂತ ತೊಟ್ಟಿಲು ತೂಗಲೇಬೇಡಿ ಅಂದರೆ ಕರ್ನಾಟಕದಲ್ಲಿ ಯಾರೂ ನನ್ನ ಮಾತು ಕೇಳುವುದಿಲ್ಲ ಅಂತ ಗೊತ್ತು. ತಳ ಹಲಗೆಯ ತೊಟ್ಟಿಲಾದರೆ, ಒಳಗೆ ಮೆತ್ತನೆಯ ದುಪ್ಪಟಿ, ಕೌದಿ ತುಂಬದಿದ್ದರೆ, ಕಣ್ಣೆದುರೇ ಇದ್ದರೆ ಸರಿ.

ತುಮಕೂರು ಅಜ್ಜಿ

ಆಯ್ತಮ್ಮ, ಆರು ತಿಂಗಳಿಗೇ ಆಗಲಿ. ಮಾಡೋದಾದರೂ ಸರಿಯಾಗಿ ಮಾಡಲಿ. ರಾಗಿ ತೊಳೆದು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಹದವಾಗಿ ಹುರಿದು, ಬೀಸಿ, ತೆಳ್ಳಗಿನ ಬಟ್ಟೆಯಲ್ಲಿ ಜರಡಿ ಹಿಡೀಬೇಕು. ಅಂಗಡಿ ಪ್ಯಾಕೆಟ್ ತಂದು ಸರಿ ಅಂದರೆ ನಾನು ಒಪ್ಪಲ್ಲ.

ಅವಳಿ ಅಮ್ಮ, ಮಂಗಳೂರು

ನಮ್ಮ ಕಡೆ ಬೀಸುವುದಿಲ್ಲ ಅಜ್ಜಿ. ನೆನೆಸಿ ರುಬ್ಬಿ, ಬಟ್ಟೆಯಲ್ಲಿ ಹಿಂಡಿ ಹಾಲು ತೆಗೆದು ಮಣ್ಣಿ ಮಾಡುತ್ತೇವೆ. ಸಿಪ್ಪೆ ಪೂರ್ತಿ ಹೋಗುತ್ತದೆ, ನಯವಾಗಿರುತ್ತದೆ.

ತುಮಕೂರು ಅಜ್ಜಿ

ಸಿಪ್ಪೆ ಜೊತೆ ರಾಗಿ ಸತ್ವಾನೂ ಹೋಗುತ್ತೆ.

ಅವಳಿ ಅಮ್ಮ, ಮಂಗಳೂರು

ಇದಕ್ಕೆ ಬೇರೆ ಚರ್ಚೆ ತೆರೆಯೋಣ, ಇಲ್ಲಿ ಮುಗಿಯುವುದಿಲ್ಲ.

ಮತ್ತೆ ಆಫೀಸಿಗೆ

ಧಾರವಾಡದ ಅವರೇ, ನಮ್ಮ ಹತ್ತಿರ ಕಬ್ಬಿಣದ ಸ್ಟ್ಯಾಂಡ್ ಇದೆ. ತೊಟ್ಟಿಲು ನೇತುಹಾಕುವಂಥದ್ದು, ಗೋಡೆಗೆ ಮೊಳೆ ಬೇಡ. ಮಗ ಈಗ ನಡೆಯುತ್ತಾನೆ, ಸ್ಟ್ಯಾಂಡಿನಲ್ಲಿ ಬಟ್ಟೆ ಒಣಗುತ್ತಿದೆ. ಸ್ಪ್ರಿಂಗ್ ಮಾತ್ರ ತೆಗೆದುಹಾಕಿ, ಮರದ ತೊಟ್ಟಿಲಿಗೆ ಅದು ಬೇಡ, ಸರಪಳಿ ಸಾಕು. ನಾವು ಇರುವುದು ರಾಜಾಜಿನಗರದಲ್ಲಿ. ದುಡ್ಡು ಬೇಡ.

ಧಾರವಾಡದ ಹುಡುಗಿ

ಅಯ್ಯೋ, ನಿಜವಾಗಲೂ? ಭಾನುವಾರ ಬರಬಹುದಾ? ಬೆಳಿಗ್ಗೆ ಹನ್ನೊಂದರ ಸುಮಾರಿಗೆ. ಆ ಹೊತ್ತಿನಲ್ಲಿ ಅವಳ ಮೂಡ್ ಚೆನ್ನಾಗಿರುತ್ತದೆ. ಲಿಫ್ಟ್ ಇದೆಯಾ ಅಕ್ಕ?

ಮತ್ತೆ ಆಫೀಸಿಗೆ

ಇಲ್ಲ, ಮೂರನೇ ಮಹಡಿ. ಯಜಮಾನರನ್ನೂ ಕರೆದುಕೊಂಡು ಬನ್ನಿ, ಸ್ಟ್ಯಾಂಡ್ ಭಾರ ಇದೆ. ಅಂಟಿನುಂಡೆ ಇನ್ನೂ ಉಳಿದಿದ್ದರೆ ಎರಡು ತನ್ನಿ.